ಹೊಳೆನೀರಿನಲ್ಲಿ ಮಾತ್ರೆಯ ಜಾಡು

ನುಂಗಿದ ಮಾತ್ರೆಯೆಲ್ಲ ಮೈಯಲ್ಲೇ ಕರಗಿಹೋಗುವುದಿಲ್ಲ. ಒಂದು ಪಾಲು ಮೂತ್ರದ ಜೊತೆ ಚರಂಡಿಗೆ, ಅಲ್ಲಿಂದ ಹೊಳೆಗೆ ಸೇರುತ್ತದೆ. ಔಷಧ ಕಾರ್ಖಾನೆಗಳಿರುವ ಕಡೆ ಸ್ಥಿತಿ ಇನ್ನೂ ಘೋರ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಸುಮಾರು 90 ಔಷಧ ತಯಾರಕರ ತ್ಯಾಜ್ಯನೀರು ಒಂದೇ ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. ಅಲ್ಲಿಂದ ಹೊರಬಿಟ್ಟ ನೀರನ್ನು ಪರೀಕ್ಷಿಸಿದ ಸ್ವೀಡನ್ನಿನ ವಿಜ್ಞಾನಿಗಳು 2007ರಲ್ಲಿ ಫಲಿತಾಂಶ ಪ್ರಕಟಿಸಿದರು: ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್! ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ.

ಇಷ್ಟಿದ್ದರೆ ಪತ್ತೆ ಸುಲಭ. ಆದರೆ ಮಾಮೂಲಿ ಹೊಳೆಗಳಲ್ಲಿ ಮದ್ದಿನ ಲೆಕ್ಕ ಮೈಕ್ರೊಗ್ರಾಂ, ನ್ಯಾನೊಗ್ರಾಂಗಳಲ್ಲಿ. ಅದನ್ನು ಹಿಡಿಯಬಲ್ಲ ಕ್ರೊಮ್ಯಾಟೊಗ್ರಫಿ ಯಂತ್ರಗಳು ದುಬಾರಿ, ನಡೆಸಲು ನುರಿತವರೇ ಬೇಕು.

ಇನ್ನೊಂದು ದಾರಿ ವಿದ್ಯುತ್ತಿನದು. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡುವ ಗ್ಲುಕೋಮೀಟರ್ ಪಟ್ಟಿಯೂ ಇದೇ ಬಳಗದ್ದು. ಪ್ಯಾರಾಸಿಟಮಾಲ್ ಕರಗಿದ ದ್ರಾವಣಕ್ಕೆ ಎಲೆಕ್ಟ್ರೋಡ್ ಅದ್ದಿ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ, ಒಂದು ಹಂತದಲ್ಲಿ ಅದರ ಅಣುಗಳು ತಲಾ ಎರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಪರದೆಯ ಮೇಲೆ ವಿದ್ಯುತ್ ಪ್ರವಾಹ ತೋರಿಸುವ ಗೆರೆ ಸರ್ರನೆ ಏರಿ ಇಳಿಯುತ್ತದೆ. ಏರು ಬಂದ ವೋಲ್ಟೇಜು ಮದ್ದಿನ ಗುರುತು ಹೇಳಿದರೆ, ಏರಿನ ಎತ್ತರ ಪ್ರಮಾಣ ಹೇಳುತ್ತದೆ.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ಸಂಶೋಧನೆ ವರ್ಷಗಳಿಂದ ನಡೆದುಬಂದಿದೆ. ಇಂಥ ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಸಾಧನ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್. ಅಮೆರಿಕದ ರಾಲ್ಫ್ ಆಡಮ್ಸ್ 1958ರಲ್ಲಿ ಪರಿಚಯಿಸಿದ ಇದನ್ನು ಮಾಡುವುದು ಕಷ್ಟವಲ್ಲ. ಗ್ರಾಫೈಟ್ ಪುಡಿಗೆ ಸಿಲಿಕೋನ್ ಎಣ್ಣೆ ಬೆರೆಸಿ ಅಗೇಟ್ ಕಲ್ಲಿನ ಪುಟ್ಟ ಕಲ್ಬತ್ತಿನಲ್ಲಿ ಅರೆಯಬೇಕು. ಆ ಕರಿ ಮುದ್ದೆಯನ್ನು ಟೆಫ್ಲಾನ್ ಕೊಳವೆಯ ತುದಿಗೆ ಒತ್ತಿ ತುಂಬಿ, ಒಳಗಿನಿಂದ ತಾಮ್ರದ ತಂತಿ ತಾಗಿಸಿ, ಮುಖವನ್ನು ಕಾಗದದ ಮೇಲೆ ಉಜ್ಜಿ ನುಣುಪು ಮಾಡಿದರೆ ಮುಗಿಯಿತು. ಮುಖ ಕೊಳೆಯಾದರೆ ಒಂದು ಪದರ ಕೆರೆದು ತೆಗೆದು ಮತ್ತೆ ಉಜ್ಜಿದರಾಯಿತು. ಗ್ರಾಫೀನನ್ನೋ ಲೋಹದ ನ್ಯಾನೊಕಣಗಳನ್ನೋ ಬೆರೆಸಿದರೆ ಸೂಕ್ಷ್ಮತೆ ಹೆಚ್ಚುತ್ತದೆ.

ತೊಡಕು ಇರುವುದು ಹೊಳೆಯಲ್ಲೇ. ಕೊಳೆತ ಎಲೆಗಳ ಸಾರ, ಸಾಬೂನು, ಜಿಡ್ಡು ಎಲೆಕ್ಟ್ರೋಡಿಗೆ ಮೆತ್ತಿಕೊಂಡು ಏರನ್ನು ಕುಗ್ಗಿಸುತ್ತವೆ. ಹತ್ತಿರದ ವೋಲ್ಟೇಜಿನಲ್ಲೇ ಎಲೆಕ್ಟ್ರಾನ್ ಬಿಡುವ ಬೇರೆ ವಸ್ತುಗಳಿದ್ದರೆ ಏರುಗಳು ಒಂದರ ಮೇಲೊಂದು ಬಿದ್ದು ಗುರುತೇ ಕಲಸಿಹೋಗುತ್ತದೆ. ಹಲವು ಸಂಶೋಧನಾ ಪ್ರಬಂಧಗಳು ಮಾತ್ರೆಯ ದ್ರಾವಣದಲ್ಲೋ, ಮದ್ದು ಬೆರೆಸಿದ ಮೂತ್ರದ ಮಾದರಿಯಲ್ಲೋ ಪರೀಕ್ಷೆ ಮುಗಿಸಿಬಿಡುತ್ತವೆ. ಅದು ಸಾಲದು. ಶಂಕರಘಟ್ಟದ ಪಕ್ಕದಲ್ಲೇ ಭದ್ರೆ ಹರಿಯುತ್ತಾಳೆ. ಮಾಲಿನ್ಯ ನಿಯಂತ್ರಣ ಮಂಡಳಿಯೂ ವಿಶ್ವವಿದ್ಯಾಲಯಗಳೂ ಕೈಜೋಡಿಸಿ, ಆಸ್ಪತ್ರೆಗಳ ಚರಂಡಿ ಮತ್ತು ನಮ್ಮ ನದಿಗಳ ನೀರಿನಲ್ಲಿ ಈ ಎಲೆಕ್ಟ್ರೋಡುಗಳನ್ನು ದೊಡ್ಡ ಯಂತ್ರಗಳ ಜೊತೆಗಿಟ್ಟು ತಾಳೆ ನೋಡುವ ಕೆಲಸವನ್ನು ಈಗಲೇ ಶುರುಮಾಡಬೇಕು.