ಖಾಯಂ ಬಂದಿಯೋ, ಸೂಟಿಗೆ ಬಂದಿಯೋ?

ನಮ್ಮ ಕಾಲೇಜಿನಲ್ಲಿ ವಿದೇಶಕ್ಕೆ ಹೋಗೋದು ಹೇಗೆ ಅಂತ ಆಗಾಗ ಸೆಮಿನಾರ್ ಆಗ್ತಾನೇ ಇರ್ತವೆ. ಜಿಆರ್‌ಇ, ಎಸ್‌ಓಪಿ, ಎಜುಕೇಶನ್ ಲೋನ್, ವೀಸಾ ಎಲ್ಲಾ ಹೇಳಿಕೊಡ್ತಾರೆ. ವಾಪಸ್ ಬರೋದು ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ. ಅದರಲ್ಲಿ ಹೇಳೋದಕ್ಕೆ ಏನಿದೆ, ಟಿಕೆಟ್ ತಗೊಂಡು ಬಂದ್ರೆ ಆಯ್ತಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ನಮ್ಮ ಕಾಕಾ ಬರುವ ತನಕ.

ಕಾಕಾ 2014ರಲ್ಲಿ ಕಂಪನಿ ಕಡೆಯಿಂದ ಎಚ್-1ಬಿ ವೀಸಾ ಮೇಲೆ ಅಮೆರಿಕಕ್ಕೆ ಹೋಗಿದ್ದರು. ಹನ್ನೊಂದು ವರ್ಷ ಆದಮೇಲೆ, 2025ರ ಅಕ್ಟೋಬರ್ 15ಕ್ಕೆ, ಕಾಕು, ಇಬ್ಬರು ಮಕ್ಕಳು ಮತ್ತು ಎಂಟು ಸೂಟ್‌ಕೇಸ್ ಸಮೇತ ಬಂದಿಳಿದರು. ಮುಂದಿನ ವಾರವೇ ದೀಪಾವಳಿ. ಬಾಳೆಹೊಸೂರದ ಮನೆಯ ಕಟ್ಟೆ ಮೇಲೆ ಕೂತಿದ್ದ ಅಜ್ಜ ಕೇಳಿದ ಮೊದಲ ಪ್ರಶ್ನೆ: "ಖಾಯಂ ಬಂದಿಯೋ, ಸೂಟಿಗೆ ಬಂದಿಯೋ?"

"ಖಾಯಂ ಬಂದೀನಪಾ" ಅಂದರು ಕಾಕಾ. ಅಜ್ಜ ನಂಬಲಿಲ್ಲ. ಊರಿನವರು ಬೇರೆ ಥರ ಕೇಳಿದರು: "ಅಲ್ಲಿಂದ ಕಳಿಸಿಬಿಟ್ರಂತಲ್ರೀ?" 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿದ್ದು ಟಿವಿಯಲ್ಲಿ ಬಂದಿತ್ತು. ಅದು ಹೊಸ ಅರ್ಜಿಗಳಿಗೆ, ಕಾಕಾನಿಗೆ ಸಂಬಂಧ ಇರಲಿಲ್ಲ. ಅವರು ಬರಬೇಕು ಅಂತ ಅದಕ್ಕಿಂತ ಒಂದು ವರ್ಷ ಮುಂಚೆಯೇ ನಿರ್ಧಾರ ಮಾಡಿದ್ದರು. ಆದರೆ ಎಷ್ಟು ಜನರಿಗೆ ಅಂತ ಹೇಳೋದು? ವಾಪಸ್ ಬಂದವನು ಸೋತು ಬಂದಿದ್ದಾನೆ ಅನ್ನೋದು ನಮ್ಮ ಜನರ ಡೀಫಾಲ್ಟ್ ಸೆಟ್ಟಿಂಗ್.

ಆಮೇಲೆ ರಜೆಯಲ್ಲಿ ಕಾಕಾನ ಫೈಲುಗಳನ್ನ ಜೋಡಿಸೋ ಕೆಲಸ ನನ್ನ ಪಾಲಿಗೆ ಬಂತು. ಆಗ ಗೊತ್ತಾಗಿದ್ದು ಇದು: ಅಜ್ಜ ಕೇಳಿದ ಪ್ರಶ್ನೆಯನ್ನೇ ನಮ್ಮ ದೇಶದ ಕಾನೂನುಗಳೂ ಕೇಳ್ತವೆ. ಆದರೆ ಒಂದೊಂದು ಕಾನೂನು ಒಂದೊಂದು ರೀತಿ ಕೇಳ್ತದೆ, ಉತ್ತರವೂ ಬೇರೆ ಬೇರೆ ಬರ್ತದೆ. ನಾನು ಇ ಆ್ಯಂಡ್ ಸಿ ವಿದ್ಯಾರ್ಥಿ, ಸಿಎ ಅಲ್ಲ. ಆದರೂ ನನಗೆ ಅರ್ಥ ಆಗಿದ್ದನ್ನ ಬರೀತೀನಿ. ನಮ್ಮಲ್ಲಿ ಅರ್ಧ ಜನ ಹೋಗೋ ಪ್ಲಾನ್‌ನಲ್ಲಿ ಇದ್ದೀವಿ, ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರ್ತದೆ.

ತೆರಿಗೆ ಕಾನೂನು ದಿನ ಎಣಿಸ್ತದೆ

ಆದಾಯ ತೆರಿಗೆಯವರಿಗೆ ನಿಮ್ಮ ಮನಸ್ಸಿನಲ್ಲಿ ಏನಿದೆ ಅನ್ನೋದು ಬೇಡ. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ ನೀವು ಎಷ್ಟು ದಿನ ಭಾರತದಲ್ಲಿದ್ದಿರಿ ಅನ್ನೋದೇ ಲೆಕ್ಕ. 182 ದಿನ ಅಥವಾ ಹೆಚ್ಚಿದ್ದರೆ ನೀವು ನಿವಾಸಿ. (60 ದಿನದ ಇನ್ನೊಂದು ನಿಯಮ ಇದೆ. ಅದು ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇಲ್ಲಿದ್ದವರಿಗೆ. ಎರಡು ವರ್ಷಕ್ಕೊಮ್ಮೆ ಮೂರು ವಾರ ಬಂದು ಹೋಗ್ತಿದ್ದ ಕಾಕಾನಿಗೆ ಅನ್ವಯಿಸಲಿಲ್ಲ.)

ಅಕ್ಟೋಬರ್ 15ರಿಂದ ಮಾರ್ಚ್ 31ರ ತನಕ ಎಣಿಸಿ: 168 ದಿನ. ಅಂದರೆ 2025-26ರಲ್ಲಿ ಕಾಕಾ ಊರಲ್ಲೇ ಇದ್ದು, ರೊಟ್ಟಿ ತಿಂದು, ದೀಪಾವಳಿ, ಸಂಕ್ರಾಂತಿ ಎಲ್ಲಾ ಮಾಡಿದರೂ ತೆರಿಗೆ ಕಾನೂನಿಗೆ ಅವರು ಅನಿವಾಸಿ. ಎರಡು ವಾರ ಮುಂಚೆ ಬಂದಿದ್ದರೆ 182 ಆಗಿಬಿಡ್ತಿತ್ತು.

ನಿವಾಸಿ ಆದ ತಕ್ಷಣ ಪೂರ್ತಿ ತೆರಿಗೆ ಬೀಳೋದಿಲ್ಲ. ಮಧ್ಯದಲ್ಲಿ ಆರ್‌ಎನ್‌ಓಆರ್ ಅಂತ ಒಂದು ಸ್ಥಿತಿ ಇದೆ, ಅಂದರೆ ನಿವಾಸಿ ಹೌದು, ಆದರೆ ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿ ಆಗಿದ್ದರೆ, ಅಥವಾ ಹಿಂದಿನ 7 ವರ್ಷದಲ್ಲಿ ಭಾರತದಲ್ಲಿ ಕಳೆದದ್ದು 729 ದಿನ ಮೀರದಿದ್ದರೆ ಈ ಸ್ಥಿತಿ ಸಿಗ್ತದೆ. ಆಗ ಸಾಮಾನ್ಯವಾಗಿ ಇಲ್ಲಿನ ಆದಾಯಕ್ಕೆ ಮಾತ್ರ ಇಲ್ಲಿ ತೆರಿಗೆ. ಅಮೆರಿಕದ ಬ್ಯಾಂಕಿನ ಬಡ್ಡಿ, ಅಲ್ಲಿನ ಶೇರು ಮಾರಿದ ಲಾಭ ಅಲ್ಲೇ ಬಂದರೆ ಇಲ್ಲಿ ತೆರಿಗೆಗೆ ಬರಲ್ಲ. ಅಲ್ಲಿನದನ್ನ ಮಾರಿ ಮುಗಿಸೋಕೆ ಸಿಗೋ ಉಸಿರಾಟದ ಸಮಯ ಇದು. ಕಾಕಾನಿಗೆ 2026-27 ಮತ್ತು 2027-28 ಎರಡೂ ಆರ್‌ಎನ್‌ಓಆರ್ ವರ್ಷಗಳು. 2028ರ ಏಪ್ರಿಲ್‌ನಿಂದ ಪೂರ್ತಿ ನಿವಾಸಿ.

ಇಲ್ಲೊಂದು ಮಜಾ ಇದೆ. ಕಾಕಾ ಅಕ್ಟೋಬರ್ ಬದಲು ಅದೇ ವರ್ಷದ ಏಪ್ರಿಲ್ 1ಕ್ಕೆ ಬಂದಿದ್ದರೆ? ಮೊದಲೆರಡು ವರ್ಷ ಆರ್‌ಎನ್‌ಓಆರ್ ಸಿಗ್ತಿತ್ತು, ಮೂರನೇ ವರ್ಷ ಇಲ್ಲ. ಯಾಕೆಂದರೆ ಎರಡು ಪೂರ್ತಿ ವರ್ಷ ಅಂದರೆ 730 ದಿನ, ಮಿತಿ 729! ಒಂದೇ ದಿನದ ವ್ಯತ್ಯಾಸ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದ್ದರೂ ಈ ದಿನದ ಲೆಕ್ಕ ಬದಲಾಗಿಲ್ಲ.

ಫೆಮಾ ಉದ್ದೇಶ ನೋಡ್ತದೆ

ಫೆಮಾ ಅಂದರೆ ವಿದೇಶಿ ವಿನಿಮಯದ ಕಾಯ್ದೆ, 1999ರದು. ಇದು ಅಜ್ಜನ ಹಾಗೆ, ಉದ್ದೇಶ ಕೇಳ್ತದೆ. ಕೆಲಸಕ್ಕೆ, ವ್ಯಾಪಾರಕ್ಕೆ, ಅಥವಾ ಇಲ್ಲೇ ಇರಬೇಕು ಅಂತ ಬಂದಿದ್ದರೆ ಸಾಮಾನ್ಯವಾಗಿ ಬಂದ ದಿನದಿಂದಲೇ ನೀವು ನಿವಾಸಿ. ಸೋ, ಅದೇ ಅಕ್ಟೋಬರ್ 15ಕ್ಕೆ ಕಾಕಾ ತೆರಿಗೆಗೆ ಅನಿವಾಸಿ, ಫೆಮಾಗೆ ನಿವಾಸಿ!

ಇದರಿಂದ ಏನಾಗ್ತದೆ ಅಂದರೆ, ಎನ್‌ಆರ್‌ಇ ಖಾತೆ ಹಾಗೇ ಇಟ್ಟುಕೊಳ್ಳೋಕೆ ಬರಲ್ಲ. ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆ ಮಾಡಿಸಬೇಕು. ಡಾಲರ್ ಆಗಿಯೇ ಇಡಬೇಕು ಅಂದರೆ ಆರ್‌ಎಫ್‌ಸಿ ಅನ್ನೋ ಖಾತೆ ತೆರೀಬಹುದು. ಅಲ್ಲಿ ಇದ್ದಾಗ ಗಳಿಸಿದ ಆಸ್ತಿಯನ್ನ ಅಲ್ಲೇ ಇಟ್ಟುಕೊಳ್ಳೋಕೂ ಫೆಮಾ ಬಿಡ್ತದೆ.

ಕಾಕಾ ಎಡವಿದ್ದು ಇಲ್ಲೇ. "ಇನ್ನೆರಡು ವರ್ಷ ಎನ್‌ಆರ್‌ಇ ಡೆಪಾಸಿಟ್ ಬಡ್ಡಿಗೆ ಟ್ಯಾಕ್ಸ್ ಇಲ್ಲ, ನೀ ಆರ್‌ಎನ್‌ಓಆರ್ ಅಲ್ಲ?" ಅಂತ ಗೆಳೆಯ ಹೇಳಿದ್ದನ್ನ ನಂಬಿದ್ದರು. ತಪ್ಪು. ಆ ವಿನಾಯಿತಿ ಫೆಮಾ ಲೆಕ್ಕದಲ್ಲಿ ಹೊರಗಿರೋರಿಗೆ. ಬಂದ ದಿನವೇ ಅದು ಹೋಯ್ತು. ಬ್ಯಾಂಕಿನ ಬಡ್ಡಿ ಇಲ್ಲಿನ ಆದಾಯ ಆದ್ದರಿಂದ ಆರ್‌ಎನ್‌ಓಆರ್ ಕೂಡ ಕಾಪಾಡಲ್ಲ. ಎರಡು ಗಡಿಯಾರವನ್ನ ಒಂದೇ ಅಂದ್ಕೊಂಡ್ರೆ ಆಗೋ ಪೆಟ್ಟು ಇದು.

ಒಂದು ಲಾಭವೂ ಆಯ್ತು. ನಮ್ಮ ಹೊಲದ ಪಕ್ಕದ ಎರಡು ಎಕರೆ ಮಾರಾಟಕ್ಕೆ ಇತ್ತು. ಅನಿವಾಸಿ ಇದ್ದಾಗ ಕಾಕಾ ಕೃಷಿ ಜಮೀನು ಖರೀದಿ ಮಾಡುವ ಹಾಗಿರಲಿಲ್ಲ. ಎನ್‌ಆರ್‌ಐ ಆಗಲಿ ಓಸಿಐ ಆಗಲಿ ಮನೆ, ಫ್ಲ್ಯಾಟ್ ತಗೋಬಹುದು, ಹೊಲ, ತೋಟ, ಫಾರ್ಮ್‌ಹೌಸ್ ತಗೊಳ್ಳೋ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಸರಿ. ಈಗ ಭಾರತದ ಪಾಸ್‌ಪೋರ್ಟ್ ಇದೆ, ಫೆಮಾ ಪ್ರಕಾರ ನಿವಾಸಿ, ಆದ್ದರಿಂದ ಕೊಳ್ಳಬಹುದು.

ಪಾಸ್‌ಪೋರ್ಟ್ ಉಳಿದದ್ದೂ ಒಂದು ಕಥೆ. ಅಮೆರಿಕ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡ್ತದೆ, ಒಂದು ದೇಶಕ್ಕೆ ಶೇ. 7ರ ಮಿತಿ. ಎಚ್-1ಬಿ ಸಾಮಾನ್ಯವಾಗಿ 6 ವರ್ಷ. ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದರೆ ವಿಸ್ತರಣೆ ಸಿಗ್ತಾ ಹೋಗ್ತದೆ. ಕಾಕಾ ಆ ಪಾಳಿಯಲ್ಲೇ ನಿಂತಿದ್ದರು. ವರ್ಷಗಟ್ಟಲೆ ನಿದ್ದೆ ಕೆಡಿಸಿದ ಆ ಪಾಳಿಯೇ ಅವರನ್ನ ಭಾರತದ ಪ್ರಜೆಯಾಗಿ ಉಳಿಸಿತು. ಅದಕ್ಕೇ ಇವತ್ತು ಹೊಲ ಕೊಳ್ಳೋಕೆ ಬರ್ತಿದೆ.

ಪೌರತ್ವ ಕಾನೂನು ಹುಟ್ಟಿದ ಜಾಗ ಮತ್ತು ತಾರೀಕು ನೋಡ್ತದೆ

ಮಕ್ಕಳಿಬ್ಬರೂ ಅಮೆರಿಕದಲ್ಲಿ ಹುಟ್ಟಿದವರು, ಅಲ್ಲಿನ ಪ್ರಜೆಗಳು. ನಮ್ಮ ಸಂವಿಧಾನ ಎರಡು ಪೌರತ್ವ ಒಪ್ಪಲ್ಲ. ಅದಕ್ಕೆ ಓಸಿಐ ಕಾರ್ಡ್ ಇದೆ. ಹೆಸರಲ್ಲಿ ನಾಗರಿಕತ್ವ ಇದ್ದರೂ ಅದು ನಾಗರಿಕತ್ವ ಅಲ್ಲ, ಜೀವನಪೂರ್ತಿ ವೀಸಾ ಇದ್ದ ಹಾಗೆ. ಇಲ್ಲಿ ಇರಬಹುದು, ಓದಬಹುದು, ಆದರೆ ವೋಟು ಹಾಕೋ ಹಾಗಿಲ್ಲ.

ತಂಗಿ 2016ರಲ್ಲಿ ಹುಟ್ಟಿದಳು, ಓಸಿಐ ಸಿಕ್ಕಿದ್ದು 2018ರಲ್ಲಿ. ತಮ್ಮ ಹುಟ್ಟಿದ್ದೂ ಓಸಿಐ ಸಿಕ್ಕಿದ್ದೂ 2022ರಲ್ಲಿ. ನಡುವೆ 2021ರ ಮಾರ್ಚ್ 4ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು: ಓಸಿಐ ವಿದ್ಯಾರ್ಥಿಗಳು ಜೆಇಇ, ನೀಟ್ ಬರೀಬಹುದು, ಆದರೆ ಸೀಟು ಎನ್‌ಆರ್‌ಐ ಅಥವಾ ಹೆಚ್ಚುವರಿ ಕೋಟಾದಲ್ಲಿ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟ್, ಆ ದಿನಕ್ಕಿಂತ ಮುಂಚೆ ಕಾರ್ಡ್ ಪಡೆದವರಿಗೆ ಹಳೆಯ ಹಕ್ಕು ಉಳೀತದೆ ಅಂತ ಹೇಳಿತು.

ಅರ್ಥ ಆಯ್ತಲ್ಲ? ಒಂದೇ ಮನೆ, ಒಂದೇ ಅಪ್ಪ-ಅವ್ವ, ಒಂದೇ ತಾಟಿನಲ್ಲಿ ಊಟ. ಈ ನಿಯಮ ಹೀಗೇ ಇದ್ದರೆ ಅಕ್ಕನಿಗೆ ನಮ್ಮ ಹಾಗೆ ಸಾಮಾನ್ಯ ಸೀಟು, ತಮ್ಮನಿಗೆ ಎನ್‌ಆರ್‌ಐ ಫೀಸು. ಜೆಇಇಗೆ ಕೋಚಿಂಗ್ ತಗೊಂಡವನಾಗಿ ನನಗೆ ಇದು ಎಲ್ಲಕ್ಕಿಂತ ಚುಚ್ಚಿತು. 18 ತುಂಬಿದ ಮೇಲೆ ಅವರು ಭಾರತದ ಪೌರತ್ವ ಕೇಳಬಹುದು. ಅದಕ್ಕೆ ಓಸಿಐ ಆಗಿ 5 ವರ್ಷ ಆಗಿರಬೇಕು, ಅರ್ಜಿಗೆ ಮುಂಚೆ 12 ತಿಂಗಳು ಇಲ್ಲಿ ವಾಸ ಇರಬೇಕು. ಆದರೆ ಅಮೆರಿಕದ ಪಾಸ್‌ಪೋರ್ಟ್ ಬಿಡಬೇಕು. ಆ ವಯಸ್ಸಿಗೆ ಅವರೇ ನಿರ್ಧಾರ ಮಾಡಲಿ.

ಅಜ್ಜನಿಗೆ ಇದನ್ನೆಲ್ಲ ಹೇಳಿದಾಗ ಅವನು ಕೇಳಿದ್ದು ಒಂದೇ: "ಹಂಗಾರ ಹೊಲ ಇವರ ಹೆಸರಿಗೆ ಆಗೂದಿಲ್ಲೇನು?" ಆಗ್ತದಜ್ಜ, ಕೊಳ್ಳೋಕೆ ಬರಲ್ಲ, ಅಪ್ಪನಿಂದ ಬಂದರೆ ಉತಾರದಲ್ಲಿ ಹೆಸರು ಹಚ್ಚಬಹುದು ಅಂದೆ. ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದ.

ನಾವು ಈಗಲೇ ಮಾಡಬಹುದಾದದ್ದು

ಮೊದಲನೆಯದು, ಹೋಗೋ ದಿನದಿಂದಲೇ ಒಂದು ಸ್ಪ್ರೆಡ್‌ಶೀಟ್ ಇಡಿ. ಪ್ರತಿ ಸಲ ಭಾರತಕ್ಕೆ ಬಂದ ದಿನ, ಹೋದ ದಿನ ಬರೀರಿ. ಕಾಕಾನ ಹಳೇ ಪಾಸ್‌ಪೋರ್ಟಿನ ಮಾಸಿದ ಸ್ಟಾಂಪುಗಳನ್ನ ಓದೋದರಲ್ಲಿ ನನ್ನ ಎರಡು ದಿನ ಹೋಯ್ತು.

ಎರಡನೆಯದು, ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಪಿಂಚಣಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ 4. ನಮ್ಮ ಸೆಮಿಸ್ಟರ್ ಥರಾನೇ, 38 ಇದ್ದರೆ ಪಾಸ್ ಇಲ್ಲ. ಈ ವಿಷಯದಲ್ಲಿ ಭಾರತ-ಅಮೆರಿಕ ನಡುವೆ ಒಪ್ಪಂದ ಇಲ್ಲದ ಕಾರಣ ಇಲ್ಲಿನ ವರ್ಷಗಳು ಅಲ್ಲಿಗೆ ಸೇರಲ್ಲ. 401(ಕೆ) ನಿವೃತ್ತಿ ಹಣವನ್ನ 59 ವರೆ ವರ್ಷಕ್ಕೆ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆ ಮೇಲೆ ಶೇ. 10 ದಂಡ. ಅವಸರ ಮಾಡಬೇಡಿ.

ಮೂರನೆಯದಕ್ಕೆ ಫಾರ್ಮ್ ಇಲ್ಲ. ಮಕ್ಕಳಿಗೆ ಕನ್ನಡ ಕಲಿಸಿ. ಬಾಳೆಹೊಸೂರ ಇರೋದು ಲಕ್ಷ್ಮೇಶ್ವರ ತಾಲೂಕಿನಲ್ಲಿ. ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ, ಕವಿರಾಜಮಾರ್ಗ ತಿರುಳ್ಗನ್ನಡದ ನಾಡು ಅಂತ ಹೆಸರಿಸಿದ ಊರುಗಳಲ್ಲಿ ಒಂದು. ಅಂಥ ಕಡೆ ತಂಗಿ ಮೊದಲ ತಿಂಗಳು ಯಾರ ಜೊತೆಗೂ ಮಾತಾಡದೆ ಐಪ್ಯಾಡ್ ಹಿಡಿದು ಕೂತಿದ್ದಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಒತ್ತಕ್ಷರ ತಪ್ಪು ಬರೆಯೋ ನಾನೇ ಅವಳ ಕನ್ನಡ ಮೇಷ್ಟ್ರು. ಇಬ್ಬರೂ ಕಲೀತಿದ್ದೀವಿ.

ಕಾಕಾ ಈಗ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ಪ್ರತಿ ಶನಿವಾರ ಊರಿಗೆ ಬರ್ತಾರೆ, ಭಾನುವಾರ ಸಂಜೆ ಹೊರಡ್ತಾರೆ. ಹೊರಡೋ ಹೊತ್ತಿಗೆ ಅಜ್ಜ ಇನ್ನೂ ಕೇಳ್ತಾನೆ, "ಮತ್ತ ಬರ್ತಿಯಲ್ಲೋ?" ಹನ್ನೊಂದು ವರ್ಷ ಏರ್‌ಪೋರ್ಟಿಗೆ ಕಳಿಸಿದ ಅಭ್ಯಾಸ ಅದು. ಕಾಕಾ ನಗ್ತಾರೆ, "ಶನಿವಾರ ಬರ್ತೀನಪಾ" ಅಂತಾರೆ. ಇಲ್ಲೀತನಕ ಒಂದು ಶನಿವಾರವೂ ತಪ್ಪಿಸಿಲ್ಲ.