ಚಾವಣಿಯ ಸೀರೆಗಳೂ ಮಗ್ಗದ ಕಂಬಳಿಯೂ

ಕಲ್ಲು ಬಾಳುವಷ್ಟು ಕಾಲ ಬಟ್ಟೆ ಬಾಳುವುದಿಲ್ಲ. ನುಸಿ, ತೇವ, ಬಿಸಿಲುಗಳು ಅದರ ವೈರಿಗಳು. ಆದರೂ ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಐದು ಶತಮಾನಗಳ ಹಿಂದೆ ನೇಯ್ದ ಚಿತ್ರಪಟಗಳನ್ನು ಇಂದಿಗೂ ಕಾಣಬಹುದು. ಇವಕ್ಕೆ ಟ್ಯಾಪೆಸ್ಟ್ರಿ ಎಂದು ಹೆಸರು. ಬಣ್ಣದ ಹೊಕ್ಕುನೂಲು ಹಾಸುನೂಲನ್ನು ಪೂರ್ಣವಾಗಿ ಮುಚ್ಚುತ್ತ ಹೋಗಿ, ನೇಯ್ಗೆಯೇ ಚಿತ್ರವಾಗುವುದು ಇವುಗಳ ವೈಶಿಷ್ಟ್ಯ.

ಪ್ಯಾರಿಸ್ಸಿನ ಕ್ಲೂನಿ ಸಂಗ್ರಹಾಲಯದಲ್ಲಿ ಒಂಟಿಕೊಂಬಿನ ಕಾಲ್ಪನಿಕ ಮೃಗದೊಡನೆ ರಮಣಿಯೊಬ್ಬಳನ್ನು ಚಿತ್ರಿಸಿದ ಆರು ಪಟಗಳಿವೆ. ಸುಮಾರು 1500ರಲ್ಲಿ ಉಣ್ಣೆ, ರೇಷ್ಮೆಗಳಿಂದ ನೇಯ್ದ ಇವು ಬೂಸಾಕ್ ಎಂಬ ಕೋಟೆಮನೆಯಲ್ಲಿ ತೇವಕ್ಕೂ ಇಲಿಗಳಿಗೂ ತುತ್ತಾಗುತ್ತಿದ್ದವು. 1841ರಲ್ಲಿ ಲೇಖಕ ಮೆರಿಮೆ ಇವುಗಳ ಬೆಲೆಯನ್ನರಿತು ಸರಕಾರದ ಗಮನಕ್ಕೆ ತಂದನು. 1882ರಲ್ಲಿ ಸಂಗ್ರಹಾಲಯವು ಇವನ್ನು ಕೊಂಡಿತು.

ಅದೇ ಶತಮಾನದಲ್ಲಿ ವಿಜಯನಗರದ ಸ್ತ್ರೀಯರು ಉಟ್ಟ ಸೀರೆಗಳು ಎಲ್ಲಿ ಹೋದವು? ಅವುಗಳ ಅಂದವನ್ನು ಕಾಣಬೇಕಾದರೆ ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಗೆ ಹೋಗಿ ತಲೆಯೆತ್ತಿ ನೋಡಬೇಕು. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರ ಆಶ್ರಯದಲ್ಲಿ ಬೆಳೆದ ವೀರಭದ್ರ ದೇವಾಲಯವದು. ಅಲ್ಲಿನ ಶಾಸನಗಳಲ್ಲಿ ನಮ್ಮ ಕನ್ನಡವಿದೆ. ಪಾರ್ವತೀ ಕಲ್ಯಾಣ, ದ್ರೌಪದೀ ಸ್ವಯಂವರಗಳ ಚಿತ್ರಗಳಲ್ಲಿ ನಿಂತ ಹೆಂಗಳೆಯರ ಸೀರೆಗಳ ಮೇಲೆ ಗೆರೆ, ಚೌಕುಳಿ, ಹೂಬಳ್ಳಿಗಳನ್ನು ಚಿತ್ರಕಾರರು ಅಕ್ಕರೆಯಿಂದ ಬಿಡಿಸಿದ್ದಾರೆ. ಬಟ್ಟೆ ಮಣ್ಣಾಯಿತು, ಅದರ ನೆರಳು ಗಾರೆಯ ಮೇಲೆ ಉಳಿಯಿತು.

ಇನ್ನು ಕಲ್ಯಾಣದುರ್ಗದ ಸೀಮೆಯ ಕಡೆ ನೋಡೋಣ. ಫ್ರಾನ್ಸಿನ ಆ ಪಟಗಳಿಗೂ ನಮ್ಮ ಕುರುಬ ಬಂಧುಗಳ ಕಂಬಳಿಗೂ ಮೂಲದ್ರವ್ಯ ಒಂದೇ, ಕುರಿಯ ಉಣ್ಣೆ. ಹೆಂಗಸರು ನೂತ ನೂಲಿಗೆ ಹುಣಿಸೆಬೀಜದ ಗಂಜಿ ಹಚ್ಚಿ, ಗುಂಡಿಮಗ್ಗದಲ್ಲಿ ನೇಯುವ ಈ ಕರಿಯ ಕಂಬಳಿ ಮಳೆಗೆ ಗೊಪ್ಪೆ, ಚಳಿಗೆ ಹೊದಿಕೆ, ಶುಭಕಾರ್ಯಕ್ಕೆ ಗದ್ದುಗೆ. ಆದರೆ ಗಿರಣಿಯ ಅಗ್ಗದ ಹೊದಿಕೆಗಳು ಬಂದವು. ಉಣ್ಣೆಯ ಕುರಿಗಿಂತ ಮಾಂಸದ ಕುರಿ ಸಾಕುವುದು ಲಾಭದಾಯಕವಾಯಿತು. ಮಗ್ಗದ ಮುಂದೆ ಕೂರುವ ಎಳೆಯರು ವಿರಳರಾಗುತ್ತಿದ್ದಾರೆ.

ಸೀರೆಗಳ ವಿಷಯದಲ್ಲಿ ಚಾವಣಿಯ ಚಿತ್ರವಾದರೂ ನಮಗೆ ದಕ್ಕಿತು. ಕಂಬಳಿಗೆ ಅಂಥ ಚಾವಣಿಯಿಲ್ಲ; ಅದು ಉಳಿಯಬೇಕಾದರೆ ಕೊಳ್ಳುವವರಿರಬೇಕು. ಮನೆಯ ಮುಂದಿನ ಶುಭಕಾರ್ಯಕ್ಕೆ ಮಗ್ಗದ ಕಂಬಳಿಯನ್ನೇ ತರಿಸಿ, ನೇಯ್ದವರಿಗೆ ತಕ್ಕ ಬೆಲೆ ಕೊಡೋಣ. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಸೀರೆಯಿದ್ದರೆ ಒರೆಸುವ ಬಟ್ಟೆಯಾಗಿಸದೆ, ಹತ್ತಿಬಟ್ಟೆಯಲ್ಲಿ ಸುತ್ತಿ, ಬೆಳಕು, ತೇವ ತಾಗದಂತೆ ಇರಿಸೋಣ. ಮಗ್ಗದ ಬಿಡಿಭಾಗಗಳಿಗೆ ಹಿರಿಯರು ಹೇಳುವ ಕನ್ನಡ ಹೆಸರುಗಳನ್ನು ಮಕ್ಕಳ ಕೈಯಲ್ಲಿ ಬರೆಯಿಸೋಣ. ಇಷ್ಟನ್ನು ಮಾಡಲು ನಮಗೆ ಸಂಗ್ರಹಾಲಯದ ಕಟ್ಟಡವೇನೂ ಬೇಕಿಲ್ಲ.