ಬಿಪಿ ಯಂತ್ರದ ಮೂರನೆಯ ಅಂಕಿ

ಪೊಳ್ಳಾಚಿ ಬಳಿಯ ನೆಗಮಂ ಹತ್ತಿ ಸೀರೆಗೆ ಹೆಸರಾದ ಊರು. 2023ರಲ್ಲಿ ಆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಅದನ್ನು ನೇಯುವವರಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ಕುಟುಂಬಗಳಿವೆ. ಇಂಥ ಊರುಗಳಲ್ಲಿ ಹರೆಯದವರು ಗಿರಣಿಗೋ ತಿರುಪ್ಪೂರಿನ ಬನಿಯನ್ ಕಂಪನಿಗೋ ಹೊರಟು, ಕೈಮಗ್ಗದ ಮುಂದೆ ಕೂರುವವರು ಹೆಚ್ಚಾಗಿ ನಡುವಯಸ್ಸು ದಾಟಿದವರೇ. ವಯಸ್ಸಾದವರಿರುವ ಕಡೆ ತಲೆಸುತ್ತಿನ ದೂರು ಇದ್ದೇ ಇರುತ್ತದೆ, ಅದಕ್ಕೆ ಕಾರಣ ಹೇಳುವವರಿಗೂ ಬರವಿಲ್ಲ: ಬಿಸಿಲು, ಪಿತ್ತ, ಹೊತ್ತಿಗೆ ಸರಿಯಾಗಿ ಉಣ್ಣದ್ದು, ಕತ್ತಿನ ಮೂಳೆ ಸವೆದದ್ದು. ಹೃದಯ ನಿಧಾನವಾಗಿ ಬಡಿಯುತ್ತಿರಬಹುದು ಎಂಬ ಮಾತು ಮಾತ್ರ ಈ ಪಟ್ಟಿಯ ಕೊನೆಗೂ ಬರುವುದಿಲ್ಲ. ನನ್ನ ವಾದ ಇಷ್ಟೇ. ಬಡಿತ ನಿಧಾನವಾಗುವ ರೋಗಕ್ಕೆ ಮದ್ದು ಸಿಕ್ಕಿ ಅರವತ್ತು ವರ್ಷ ಕಳೆದಿದೆ. ನಾವು ಸೋಲುತ್ತಿರುವುದು ಆ ರೋಗವನ್ನು ಗುರುತಿಸುವಲ್ಲಿ. ಗುರುತಿಸಲು ಬೇಕಾದ ಮೊದಲ ಸುಳಿವು ಎಷ್ಟೋ ಮನೆಗಳಲ್ಲಿ ಈಗಾಗಲೇ ಇರುವ ಬಿಪಿ ಯಂತ್ರದ ಪರದೆಯ ಮೇಲೇ ಇದೆ. ಮೇಲಿನ ಅಂಕಿ, ಕೆಳಗಿನ ಅಂಕಿ ನೋಡಿ ಯಂತ್ರವನ್ನು ಮಡಚಿಡುತ್ತೇವೆ. ಅವುಗಳ ಕೆಳಗೆ ನಾಡಿಯ ಲೆಕ್ಕವಾಗಿ ಮೂಡುವ ಮೂರನೆಯ ಅಂಕಿಯನ್ನು ಯಾರೂ ಓದುವುದಿಲ್ಲ.

ಹೃದಯದ ಬಲ ಮೇಲ್ಕೋಣೆಯಲ್ಲಿರುವ ಸಣ್ಣದೊಂದು ಅಂಗಾಂಶದ ಗಂಟಿನಲ್ಲಿ ವಿದ್ಯುತ್ ಮಿಡಿತ ಹುಟ್ಟುತ್ತದೆ. ಅದು ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಇನ್ನೊಂದು ಗಂಟಿನಲ್ಲಿ ಕ್ಷಣಕಾಲ ತಡೆದು ಕೆಳಗಿಳಿಯುತ್ತದೆ. ಆಗ ಕೆಳಗಿನ ಕೋಣೆಗಳು ಕುಗ್ಗಿ ರಕ್ತವನ್ನು ಹೊರದಬ್ಬುತ್ತವೆ. ಕೂತಿರುವಾಗ ನಿಮಿಷಕ್ಕೆ 60ರಿಂದ 100 ಸಲ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇದು ನಡೆಯುತ್ತದೆ. ವಯಸ್ಸಾದಂತೆ ಮಿಡಿತ ಹುಟ್ಟುವ ಗಂಟು ಸೋಲಬಹುದು, ಇಲ್ಲವೇ ಕೆಳಗಿಳಿಯುವ ದಾರಿ ಕಟ್ಟಿಕೊಳ್ಳಬಹುದು. ದಾರಿ ಪೂರ್ತಿ ಕಟ್ಟಿದರೆ ಕೆಳಗಿನ ಕೋಣೆಗಳು ತಾವಾಗಿಯೇ ನಿಮಿಷಕ್ಕೆ ಮೂವತ್ತೋ ನಲವತ್ತೋ ಸಲ ಮಿಡಿಯುತ್ತ ಜೀವ ಹಿಡಿದಿರುತ್ತವೆ. ಆ ಆಸರೆಯೂ ಕೆಲವು ಸೆಕೆಂಡು ತಪ್ಪಿದರೆ ಮಿದುಳಿಗೆ ರಕ್ತ ನಿಂತು ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಮತ್ತೆ ಬಡಿತ ಬಂದರೆ ಎದ್ದು ಕೂತು ಏನೂ ಆಗಿಲ್ಲವೆನ್ನುತ್ತಾನೆ. ನಿಧಾನ ನಾಡಿಗೂ ಇಂಥ ಮೂರ್ಛೆಗೂ ಇರುವ ನಂಟನ್ನು ಡಬ್ಲಿನ್ನಿನ ವೈದ್ಯ ರಾಬರ್ಟ್ ಆಡಮ್ಸ್ 1827ರಲ್ಲೂ ಅದೇ ಊರಿನ ವಿಲಿಯಂ ಸ್ಟೋಕ್ಸ್ 1846ರಲ್ಲೂ ಬರೆದಿಟ್ಟರು. ಹೃದಯದ ವಿದ್ಯುತ್ತನ್ನು ಚೆನ್ನಾಗಿ ದಾಖಲಿಸಬಲ್ಲ ಯಂತ್ರವನ್ನು ಹಾಲೆಂಡಿನ ಐಂಥೋವನ್ ರೂಪಿಸಿದ್ದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. ಅದಕ್ಕೆ ನೊಬೆಲ್ ಬಂದದ್ದು 1924ರಲ್ಲಿ. ಅಂದರೆ ಇಸಿಜಿ ಹುಟ್ಟುವುದಕ್ಕೆ ಎಷ್ಟೋ ದಶಕ ಮೊದಲೇ ಮಣಿಕಟ್ಟಿನ ಮೇಲಿಟ್ಟ ಬೆರಳು ಈ ರೋಗವನ್ನು ಹಿಡಿದಿತ್ತು.

ಇಸಿಜಿ ಇರುವ ಕಾಲದಲ್ಲೂ ರೋಗ ತಪ್ಪಿಸಿಕೊಳ್ಳುವುದೇಕೆ? ಮಾಮೂಲಿ ಇಸಿಜಿ ಹತ್ತು ಸೆಕೆಂಡಿನ ದಾಖಲೆ. ದಿನದ 86,400 ಸೆಕೆಂಡುಗಳಲ್ಲಿ ಅದು 8,640ರ ಒಂದು ಪಾಲು. ಬಡಿತ ಬಿಟ್ಟು ಬಿಟ್ಟು ತಪ್ಪುವ ರೋಗಿಗೆ ಆ ಹತ್ತು ಸೆಕೆಂಡು ಸರಿಯಾಗಿಯೇ ಕಾಣಬಹುದು. ಕರೆಂಟು ಹೋಗಿ ಬಂದ ಮೇಲೆ ಬರುವ ಲೈನ್‌ಮನ್ನನಿಗೆ ದೀಪ ಉರಿಯುತ್ತಲೇ ಇರುತ್ತದಲ್ಲ, ಹಾಗೆ. ಆದ್ದರಿಂದ ‘ಇಸಿಜಿ ನಾರ್ಮಲ್’ ಎಂಬ ಚೀಟಿ ಆ ಹೊತ್ತಿಗೆ ಮಾತ್ರ ಸಾಕ್ಷಿ. ಎಚ್ಚರ ತಪ್ಪಿದ್ದವರಿಗೆ ಒಂದೆರಡು ದಿನ ಮೈಮೇಲೇ ಇದ್ದು ಪ್ರತಿ ಬಡಿತವನ್ನೂ ಬರೆದುಕೊಳ್ಳುವ ಹೋಲ್ಟರ್ ಬೇಕಾಗುತ್ತದೆ. ತಿಂಗಳಿಗೊಮ್ಮೆ ಬರುವ ಮೂರ್ಛೆಗೆ ಅದೂ ಸಾಲದು; ಚರ್ಮದಡಿ ಇಟ್ಟು ವರ್ಷಗಟ್ಟಲೆ ಕಾಯುವ ಪುಟ್ಟ ದಾಖಲೆಯಂತ್ರಗಳಿವೆ. ಯಂತ್ರಕ್ಕಿಂತ ಮೊದಲು ಬೇಕಾದದ್ದು ಕಂಡವರ ವಿವರ. ಬೀಳುವಾಗ ಮುಖ ಬಿಳಿಚಿತೇ, ಮುನ್ಸೂಚನೆ ಇತ್ತೇ, ಎಷ್ಟು ಹೊತ್ತಿಗೆ ಎಚ್ಚರವಾಯಿತು, ಕೂತಿದ್ದಾಗಲೂ ಆಯಿತೇ ಎಂಬುದನ್ನು ಬಿದ್ದವರು ಹೇಳಲಾರರು. ಆಸ್ಪತ್ರೆಗೆ ಹೋಗುವಾಗ ಕಣ್ಣಾರೆ ಕಂಡವರನ್ನು ಕರೆದೊಯ್ಯುವುದು ಎಷ್ಟೋ ಸಲ ಸ್ಕ್ಯಾನಿಂಗಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಮನೆಮನೆಯಲ್ಲಿ ನಾಡಿ ಎಣಿಸತೊಡಗಿದರೆ ಇಲ್ಲದ ರೋಗಕ್ಕೆ ಹೆದರಿ ಆಸ್ಪತ್ರೆಗೆ ಓಡುವವರು ಹೆಚ್ಚುವುದಿಲ್ಲವೇ? ನಿದ್ದೆಯಲ್ಲಿ, ಚೆನ್ನಾಗಿ ಪಳಗಿದ ಆಟಗಾರರಲ್ಲಿ ಬಡಿತ ಐವತ್ತಕ್ಕಿಂತ ಕೆಳಗಿಳಿಯುವುದು ಸಹಜ. ನಡುನಡುವೆ ಅವಸರದ ಬಡಿತ ಬರುವವರಲ್ಲಿ ಬಿಪಿ ಯಂತ್ರ ಕೆಲವನ್ನು ಎಣಿಸದೆ ಬಿಟ್ಟು ಅಂಕಿಯನ್ನು ಇಳಿಸಿ ತೋರಿಸುವುದೂ ಉಂಟು. ಅದಕ್ಕೇ ಆ ಅಂಕಿ ರೋಗದ ಹೆಸರಲ್ಲ, ಇಸಿಜಿ ಮಾಡಿಸಲು ಒಂದು ಕಾರಣ, ಅಷ್ಟೆ. ಸುಸ್ತು, ತಲೆಸುತ್ತು, ಮೆಟ್ಟಿಲೇರುವಾಗ ಉಬ್ಬಸ ಇದ್ದು ಜೊತೆಗೆ ಎಚ್ಚರದಲ್ಲಿ ನಾಡಿ ಐವತ್ತಕ್ಕಿಂತ ಕಡಿಮೆ ಇದ್ದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. ನಿಧಾನ ನಾಡಿಗೆಲ್ಲ ಹೃದಯಕ್ಕೆ ಮಿಡಿತ ಕೊಡುವ ಪೇಸ್‌ಮೇಕರ್ ಯಂತ್ರ ಬೇಕೆಂದೂ ಇಲ್ಲ. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಎಲ್ಲವೂ ಬಡಿತ ಇಳಿಸುತ್ತವೆ. ಗ್ಲಾಕೋಮಾಕ್ಕೆ ಕಣ್ಣಿಗೆ ಬಿಡುವ ಟಿಮೊಲಾಲ್ ಹನಿಯೂ ರಕ್ತಕ್ಕೆ ಸೇರಿ ಅದೇ ಕೆಲಸ ಮಾಡಬಲ್ಲದು. ಕಣ್ಣಿನ ಮದ್ದನ್ನು ಹೃದಯದ ಡಾಕ್ಟರಿಗೆ ಯಾರು ತಾನೇ ಹೇಳುತ್ತಾರೆ? ಥೈರಾಯ್ಡ್ ಕುಗ್ಗಿದರೂ ಪೊಟ್ಯಾಸಿಯಂ ಏರಿದರೂ ಹೀಗಾಗುತ್ತದೆ. ಇವನ್ನೆಲ್ಲ ನೋಡಿ, ಸರಿಪಡಿಸಬಹುದಾದದ್ದನ್ನು ಸರಿಪಡಿಸಿದ ಮೇಲೂ ಉಳಿಯುವ ನಿಧಾನಕ್ಕೆ ಪೇಸ್‌ಮೇಕರ್. ಮದ್ದನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಬೇಡ.

ಲಯ ಕೆಡುವುದೆಂದರೆ ನಿಧಾನವೊಂದೇ ಅಲ್ಲ. ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವ ವೇಗದ ಬಡಿತವನ್ನು, ಅದರಲ್ಲೂ ಹೆಂಗಸರಿಗೆ ಬಂದರೆ, ‘ಟೆನ್ಷನ್’ ಎಂದು ತಳ್ಳಿಹಾಕುವುದು ರೂಢಿ. ಅದರಲ್ಲಿ ಹೆಚ್ಚಿನದನ್ನು ತೊಡೆಯ ರಕ್ತನಾಳದ ಮೂಲಕ ತೂರಿಸಿದ ತಂತಿಯಿಂದ ಸುಟ್ಟು ಶಾಶ್ವತವಾಗಿ ವಾಸಿಮಾಡಬಹುದು. ತಾಳವೇ ಇಲ್ಲದೆ ಮಿಡಿಯುವ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯುವ ಅಪಾಯ ಸುಮಾರು ಐದು ಪಟ್ಟು ಏರುತ್ತದೆ. ಎಳವೆಯ ಕೀಲುಜ್ವರದಿಂದ ಕವಾಟ ಕಿರಿದಾದವರಲ್ಲಿ ನಮ್ಮ ಕಡೆ ಇದು ಇನ್ನೂ ಕಾಣುತ್ತದೆ, ಅವರಿಗೆ ರಕ್ತ ತೆಳುವಾಗಿಸುವ ಹಳೆಯ ವಾರ್ಫರಿನ್ನೇ ಗತಿ. ಪ್ರಾಸಂಗಿಕವಾಗಿ ಒಂದು ಮಾತು: ಕೊಯಮತ್ತೂರಿನಲ್ಲಿ ವಿಜಯದಶಮಿಯಂದು ಚೌಡೇಶ್ವರಿ ಅಮ್ಮನ ಮೆರವಣಿಗೆಯಲ್ಲಿ ದೇವಾಂಗ ಗಂಡಸರು ಕತ್ತಿಯಿಂದ ತೋಳಿಗೆ ಹೊಡೆದುಕೊಳ್ಳುವ ಹರಕೆ ಇದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಆ ಸೇವೆಯಿಂದ ಹಿಂದೆ ಸರಿಯಬೇಕು.

ಇನ್ನು ಪೇಸ್‌ಮೇಕರ್. ಮೊದಲನೆಯದನ್ನು ಸ್ವೀಡನ್ನಿನಲ್ಲಿ 1958ರ ಅಕ್ಟೋಬರ್ 8ರಂದು ಆರ್ನೆ ಲಾರ್ಸನ್ ಎಂಬವರಿಗೆ ಅಳವಡಿಸಿದರು. ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಮಾಡಿದ, ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಇಟ್ಟ ಆ ಯಂತ್ರ ಕೆಲವೇ ಗಂಟೆ ನಡೆಯಿತು. ಲಾರ್ಸನ್ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಸವೆಸಿ, ತಮ್ಮ ಇಂಜಿನಿಯರನ್ನೂ ವೈದ್ಯರನ್ನೂ ಮೀರಿ ಬದುಕಿ, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಾರಣ ಹೃದಯವಲ್ಲ, ಕ್ಯಾನ್ಸರ್. ಇವತ್ತಿನದು ಮೂವತ್ತು ಗ್ರಾಮಿನ ಆಸುಪಾಸಿನ ಡಬ್ಬಿ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಕೊರಳೆಲುಬಿನ ಕೆಳಗೆ ಚರ್ಮದಡಿ ಇಟ್ಟು, ತಂತಿಯನ್ನು ರಕ್ತನಾಳದ ಮೂಲಕ ಹೃದಯಕ್ಕೆ ಇಳಿಸುತ್ತಾರೆ. ಸ್ವಂತ ಬಡಿತ ಸರಿ ಇದ್ದಾಗ ಅದು ಸುಮ್ಮನಿದ್ದು, ತಪ್ಪಿದಾಗ ಮಾತ್ರ ಮಿಡಿತ ಕೊಡುತ್ತದೆ. ಬ್ಯಾಟರಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ. ಆಮೇಲೆ ಸಾಮಾನ್ಯವಾಗಿ ಡಬ್ಬಿಯನ್ನಷ್ಟೇ ಬದಲಿಸಿದರೆ ಸಾಕು.

‘ಹಾಕಿಸಿಕೊಂಡರೆ ಕೆಲಸ ಬಿಡಬೇಕು, ಕರೆಂಟಿನ ಹತ್ತಿರ ಹೋಗುವಂತಿಲ್ಲ’ ಎಂಬ ಭಯ ಮೋಟಾರು, ಪಂಪು, ಪವರ್‌ಲೂಮುಗಳ ನಡುವೆ ಬದುಕುವ ಈ ಸೀಮೆಯಲ್ಲಿ ಸಣ್ಣದಲ್ಲ. ಆದರೆ ಫ್ಯಾನು, ಟಿವಿ, ಮಿಕ್ಸಿ, ಕೊಯಮತ್ತೂರಿಗೆ ಹೆಸರು ತಂದ ವೆಟ್ ಗ್ರೈಂಡರ್ ಯಾವುದೂ ಸುಸ್ಥಿತಿಯಲ್ಲಿದ್ದರೆ ಅಪಾಯವಲ್ಲ. ಅರ್ಥಿಂಗ್ ಇಲ್ಲದೆ ಶಾಕ್ ಹೊಡೆಯುವ ಯಂತ್ರ ಎಲ್ಲರಿಗೂ ಅಪಾಯ, ಇವರಿಗೆ ಇನ್ನಷ್ಟು. ಮೊಬೈಲನ್ನು ಅಂಗಿಯ ಜೇಬಿನಲ್ಲಿಡದೆ ಆರಂಗುಲ ದೂರವಿಟ್ಟು ಇನ್ನೊಂದು ಬದಿಯ ಕಿವಿಗೆ ಹಿಡಿಯುವುದು, ಇಂಡಕ್ಷನ್ ಒಲೆಯಿಂದ ಎರಡಡಿ ದೂರ ನಿಲ್ಲುವುದು, ಓಡುವ ಮೋಟಾರಿನ ಮೇಲೆ ಎದೆಯೂರಿ ಬಾಗದಿರುವುದು ಸಾಕು. ವೆಲ್ಡಿಂಗ್ ಮಾಡುವವರು ಮಾತ್ರ ವೈದ್ಯರನ್ನು ಕೇಳದೆ ಕೆಲಸಕ್ಕೆ ಮರಳಬಾರದು. ನೇಕಾರರ ಪ್ರಶ್ನೆ ವಿದ್ಯುತ್ತಿನದಲ್ಲ, ತೋಳಿನದು. ಡಬ್ಬಿಯನ್ನು ಸಾಮಾನ್ಯವಾಗಿ ಎಡಗಡೆ ಇಡುತ್ತಾರೆ. ಕೈಮಗ್ಗದಲ್ಲಿ ಒಂದು ಕೈ ಲಾಳಿಯ ಹಗ್ಗ ಎಳೆದರೆ ಇನ್ನೊಂದು ಕೈ ಹಲಗೆಯನ್ನು ದಿನವಿಡೀ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿರುತ್ತದೆ. ಹೊಸ ತಂತಿ ಹೃದಯದ ಗೋಡೆಗೆ ಕಚ್ಚಿಕೊಳ್ಳಲು ನಾಲ್ಕಾರು ವಾರ ಬೇಕು. ಅಲ್ಲಿಯವರೆಗೆ ಆ ಬದಿಯ ಮೊಣಕೈ ಭುಜಕ್ಕಿಂತ ಮೇಲೇರಬಾರದು, ಭಾರ ಎತ್ತಬಾರದು, ಮಗ್ಗಕ್ಕೆ ಕೂರಬಾರದು. ಹಾಗೆಂದು ತೋಳನ್ನು ಕದಲಿಸದೆ ಕಟ್ಟಿಟ್ಟುಕೊಂಡರೆ ಭುಜವೇ ಹಿಡಿದುಕೊಳ್ಳುತ್ತದೆ. ಮಾಡುವ ಕೆಲಸವೇನು, ಯಾವ ಕೈ ಹೆಚ್ಚು ಆಡುತ್ತದೆ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಿದರೆ ಬದಿಯನ್ನು ಯೋಚಿಸಿ ಆರಿಸಬಹುದು.

ಹಣದ ಆಕ್ಷೇಪಕ್ಕೆ ತಮಿಳುನಾಡಿನಲ್ಲಿ ಉತ್ತರವಿದೆ. ವರ್ಷಕ್ಕೆ 1,20,000 ರೂಪಾಯಿಯೊಳಗೆ ಆದಾಯವಿರುವ ಕುಟುಂಬಗಳಿಗೆ ಮುಖ್ಯಮಂತ್ರಿಗಳ ವಿಮೆ ಯೋಜನೆಯಲ್ಲಿ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ‘ಈ ವಯಸ್ಸಿಗೆ ಯಾಕೆ, ಯಂತ್ರವಿದ್ದರೆ ಸಾವೂ ಸುಲಭವಾಗಿ ಬರುವುದಿಲ್ಲವಂತೆ’ ಎಂಬ ಮಾತು ಇದಕ್ಕಿಂತ ಆಳದ್ದು. ಅದು ನಿಜವಲ್ಲ. ದೇಹ ಸೋತಾಗ ಹೃದಯದ ಸ್ನಾಯು ಯಂತ್ರದ ಮಿಡಿತಕ್ಕೆ ಓಗೊಡುವುದನ್ನೇ ನಿಲ್ಲಿಸುತ್ತದೆ. ಎಂಬತ್ತರಲ್ಲಿ ಪೇಸ್‌ಮೇಕರ್ ಹಾಕಿಸುವುದು ಹೆಚ್ಚು ವರ್ಷಗಳ ಆಸೆಗಷ್ಟೇ ಅಲ್ಲ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿಯದಿರುವುದಕ್ಕೆ. ಒಂದು ಮಾತ್ರ ಮನೆಯವರಿಗೆ ಗೊತ್ತಿರಲಿ: ದಹನಕ್ಕೆ ಮೊದಲು ಯಂತ್ರವನ್ನು ತೆಗೆಸಬೇಕು, ಬೆಂಕಿಗೆ ಬ್ಯಾಟರಿ ಸಿಡಿಯುತ್ತದೆ.

2021ರ ಆಗಸ್ಟಿನಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಬಿಪಿ, ಸಕ್ಕರೆ ನೋಡಲು ಮನೆ ಬಾಗಿಲಿಗೇ ಬರುತ್ತಾರೆ. ನಾಡಿಯನ್ನೂ ಬರೆದುಕೊಳ್ಳಲು ಅವರಿಗೆ ಹೊಸ ಉಪಕರಣ ಬೇಕಿಲ್ಲ. ಮುಂದಿನ ಸಲ ಬಂದಾಗ ಮೂರನೆಯ ಅಂಕಿ ಎಷ್ಟೆಂದು ನೀವೇ ಕೇಳಿ, ನಿಮ್ಮ ಚೀಟಿಯಲ್ಲಿ ಬರೆಸಿಕೊಳ್ಳಿ. ಅದು ಐವತ್ತಕ್ಕಿಂತ ಕೆಳಗಿದ್ದು ತಲೆಸುತ್ತೂ ಇದ್ದರೆ ಅಂದೇ ಇಸಿಜಿ ಮಾಡಿಸಿ. ಒಮ್ಮೆ ಎಚ್ಚರ ತಪ್ಪಿ ಬಿದ್ದಿದ್ದರಂತೂ, ಕಾರಣ ತಿಳಿಯುವವರೆಗೆ ಬೈಕು ಓಡಿಸಬೇಡಿ.